ಬ್ಲೇಡಿನ ಮಣ್ಣು

ನಮ್ಮ ಯಜಮಾನರಿಗೆ ನನಗಿಂತ ಆ ಬ್ಲೇಡಿನ ಮೇಲೇ ಪ್ರೀತಿ ಎಂದು ಮದುವೆಯಾದ ವರ್ಷವೇ ನನಗೆ ಗೊತ್ತಾಗಿಹೋಯಿತು. ಐವತ್ತೇಳನೇ ಇಸವಿ, ಲಕ್ಕವಳ್ಳಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ಕಟ್ಟೆಗೆ ಹಾಕುವ ಕಲ್ಲು, ಕಾಂಕ್ರೀಟು ಗಟ್ಟಿಯಿದೆಯೇ ಎಂದು ಪರೀಕ್ಷೆ ಮಾಡುವ ಶೆಡ್ಡೊಂದಿತ್ತು. ಅಲ್ಲಿ ಕಲ್ಲು ಕೊಯ್ಯುವ ಮೆಷಿನ್ನು ಇವರ ಕೈಯಲ್ಲಿತ್ತು. ಅದರ ಬ್ಲೇಡೆಂದರೆ ಊಟದ ತಟ್ಟೆಯಷ್ಟಗಲದ, ಹಲ್ಲಿಲ್ಲದ ಒಂದು ಉಕ್ಕಿನ ಚಕ್ರ, ಅಷ್ಟೇ. ಹೊರದೇಶದಿಂದ ಹಡಗಿನಲ್ಲಿ ಬಂದದ್ದು. "ಇದು ಸವೆದುಹೋದ್ರೆ ಇನ್ನೊಂದು ಬರೋದು ಯಾವಾಗಲೋ, ಹುಷಾರು ದೇವೀರಪ್ಪ" ಎಂದು ಇಂಜಿನಿಯರು ಹೇಳಿದ್ದೇ ತಡ, ಇವರು ಅದರ ಜೀವ ಕಾಯುವುದಕ್ಕೆ ನಿಂತುಬಿಟ್ಟರು.

ಬ್ಲೇಡು ಬಾಳಿಕೆ ಬರಬೇಕಾದರೆ ಅದರ ಎರಡೂ ಮಗ್ಗುಲಿಗೆ ಸದಾ ತಿಳಿನೀರು ಬೀಳುತ್ತಿರಬೇಕಂತೆ. ಕೊಯ್ದ ಕಲ್ಲಿನ ಹಿಟ್ಟು ಆ ನೀರಿನೊಂದಿಗೆ ಕೆಳಗಿನ ತೊಟ್ಟಿಗೆ ಇಳಿದು ತಂಗುತ್ತದೆ. ಕೆಸರು ನೀರನ್ನೇ ತಿರುಗಿ ಬಿಟ್ಟರೆ ಬ್ಲೇಡು ಬೇಗ ಸವೆಯುತ್ತದೆ ಎಂದು ಇವರು ದಿನಾ ಸಾಯಂಕಾಲ ತೊಟ್ಟಿ ಬಳಿಯುತ್ತಿದ್ದರು. ಬಳಿದ ಮಣ್ಣನ್ನು ಚೆಲ್ಲುವ ಮನಸ್ಸಾಗದೆ, ಪಾತ್ರೆ ಬೆಳಗುವುದಕ್ಕೆ ಚೆನ್ನಾಗಿರುತ್ತದೆಂದು ಡಬ್ಬಿಯಲ್ಲಿ ತುಂಬಿಸಿ ಮನೆಗೆ ತರುತ್ತಿದ್ದರು. ನನ್ನ ಹಿತ್ತಾಳೆ ಬಿಂದಿಗೆ ಫಳಫಳ ಹೊಳೆಯುತ್ತಿತ್ತು, ಅದನ್ನಂತೂ ಇಲ್ಲವೆನ್ನಲಾರೆ.

ನನಗಾಗ ಮೂರು ತಿಂಗಳು. ಎಲ್ಲರಿಗೂ ಹುಣಸೆಕಾಯಿ, ಮಾವಿನಕಾಯಿಯ ಬಯಕೆಯಾದರೆ ನನ್ನ ಹಾಳು ನಾಲಿಗೆಗೆ ಮಣ್ಣು ಬೇಕು. ಅಜ್ಜಂಪುರದ ನಮ್ಮ ತವರುಮನೆಯಾಗಿದ್ದರೆ ಮಣ್ಣಿನ ಗೋಡೆ ಕೆರೆದು ಕದ್ದು ತಿನ್ನುತ್ತಿದ್ದೆ. ಈ ಕ್ಯಾಂಪಿನ ಮನೆಗಳಿಗೆ ತಗಡಿನ ಗೋಡೆ, ಕೆರೆದರೆ ಉಗುರು ಹೋದೀತು ಅಷ್ಟೇ. ಹೀಗಿರುವಾಗ ಆ ಡಬ್ಬಿ ಕಣ್ಣಿಗೆ ಬಿತ್ತು. ಮಣ್ಣು ಒಣಗಿ ವಿಭೂತಿಯ ಹಾಗೆ ನುಣ್ಣಗಾಗಿತ್ತು. ಬೆರಳಲ್ಲಿ ಮುಟ್ಟಿ ನಾಲಿಗೆಗಿಟ್ಟುಕೊಂಡೆ. ಆಮೇಲೆ ಚಿಟಿಕೆ, ಆಮೇಲೆ ಚಮಚ. ಒಂದೊಂದು ದಿನ ಮಣ್ಣು ಕೆಂಪಗೆ ಬರುತ್ತಿತ್ತು. ಅದರ ರುಚಿಯನ್ನು ಏನೆಂದು ಹೇಳಲಿ, ಇವರು ಬಚ್ಚಲಿಗೆ ಹೋಗುವುದನ್ನೇ ಕಾಯುತ್ತಿದ್ದೆ.

ಆರನೇ ತಿಂಗಳಲ್ಲಿ ಒಂದು ಸಂಜೆ ಇವರು ಖುಷಿಯಾಗಿ ಬಂದರು. ಬ್ಲೇಡು ಇಷ್ಟು ದಿನ ಬಾಳಿದ್ದಕ್ಕೆ ಇಂಜಿನಿಯರು ಸಾಹೇಬರು ಬೆನ್ನು ತಟ್ಟಿದ್ದರಂತೆ. ಆ ಹುರುಪಿನಲ್ಲಿ ದನಿ ತಗ್ಗಿಸಿ ಹೇಳಿದರು: "ಮಲ್ಲೀ, ಬರೀ ಉಕ್ಕು ಕಲ್ಲು ಕೊಯ್ಯಕ್ಕಾಯ್ತದೇನೇ? ಅದ್ರ ಅಂಚಿನ ತುಂಬ ವಜ್ರದ ಪುಡಿ ಐತೆ. ಕಳ್ಳರ ಕಿವಿಗೆ ಬೀಳ್ಬಾರ್ದು ಅಂತ ಸಾಹೇಬ್ರು ಯಾರ್ಗೂ ಹೇಳ್ಬ್ಯಾಡ ಅಂದವ್ರೆ. ನೀನೂ ಯಾರತ್ರನೂ ಆಡ್ಬ್ಯಾಡ."

"ಸವೆದ ವಜ್ರ ಎಲ್ಲಿಗೋಯ್ತದೆ?" ಎಂದೆ.

"ಇನ್ನೆಲ್ಲಿಗೆ, ಮಣ್ಣಿಗೆ. ಬ್ಲೇಡು ಮೊಂಡಾದ್ರೆ ಮೆತ್ತನೆ ಇಟ್ಟಿಗೆ ಕೊಯ್ತೀನಿ. ಹಳೇ ವಜ್ರ ಉದುರೋಗಿ ಒಳಗಿಂದು ಹೊಸಾದು ಮೇಲಕ್ಕೆ ಬತ್ತದೆ."

ನಾನು ಕಾದು ಕಾದು ತಿಂದ ಕೆಂಪು ಮಣ್ಣು ಇಟ್ಟಿಗೆ ಕೊಯ್ದ ದಿನದ್ದೆಂದು ಆಗ ನನಗೆ ತಿಳಿಯಿತು.

ಮಾರನೆಯ ದಿನ ಪಕ್ಕದ ಮನೆಯ ಅಮೀನಾಬಿಯನ್ನು, ಸುಮ್ಮನೆ ಮಾತಿಗೆಂಬಂತೆ, ವಜ್ರ ತಿಂದರೆ ಏನಾಗುತ್ತದೆ ಎಂದು ಕೇಳಿದೆ. ತರೀಕೆರೆಯ ಹೆಂಗಸು ಆಕೆ, ಕಥೆಗೆ ಬರವಿಲ್ಲ. "ಯಾ ಅಲ್ಲಾ! ನಮ್ಮ ನಾನಿ ಹೇಳ್ತಿದ್ರು, ಒಬ್ಳು ಬೇಗಂ ಉಂಗುರದ ವಜ್ರ ನುಂಗಿ ಜೀವ ಬಿಟ್ಲಂತೆ. ಸಾಸಿವೆಯಷ್ಟು ಸಾಕು ಕಣಮ್ಮಾ, ಕರುಳು ಕೊಯ್ದು ಹಾಕ್ತದೆ. ಒಂದೇ ದಿನಕ್ಕಲ್ಲ, ನಿಧಾನಕ್ಕೆ."

ನಿಧಾನಕ್ಕೆ ಎಂಬ ಆ ಮಾತು ನನ್ನನ್ನು ಕೊಂದಿತು. ಅಂದಿನಿಂದ ಹೊಟ್ಟೆಯಲ್ಲಿ ಏನು ಮಿಸುಕಿದರೂ ಮಗುವೋ ವಜ್ರವೋ ತಿಳಿಯುತ್ತಿರಲಿಲ್ಲ. ಮಗು ಒದ್ದರೆ ಅದಕ್ಕೇನೋ ಚುಚ್ಚಿತೆಂದು ಎದೆ ಹಾರುತ್ತಿತ್ತು. ಒದೆಯದಿದ್ದರೆ ಪ್ರಾಣವೇ ಬಾಯಿಗೆ ಬರುತ್ತಿತ್ತು. ಯಾರಿಗೆ ಹೇಳಲಿ? ಡಾಕ್ಟರಿಗೆ ಹೇಳಿದರೆ ವಜ್ರ ಎಲ್ಲಿಂದ ಬಂತೆಂದು ಕೇಳುತ್ತಾರೆ. ಡಬ್ಬಿ ತುಂಬ ಸರ್ಕಾರದ ವಜ್ರ ಮನೆಗೆ ಹೊತ್ತ ಕಳ್ಳನೆಂದು ಇವರನ್ನು ಹಿಡಿದುಕೊಂಡು ಹೋದರೆ? ಇವರಿಗೇ ಹೇಳೋಣವೆಂದರೆ, ಮಣ್ಣು ತಂದು ಉಣಿಸಿದವನು ನಾನೇ ಎಂದು ಕುಸಿದುಹೋಗುವ ಮನುಷ್ಯ.

ಇಷ್ಟೆಲ್ಲ ತಿಳಿದಮೇಲೆ ತಿನ್ನುವುದನ್ನು ಬಿಟ್ಟೆ ಎಂದುಕೊಂಡಿರಾ? ಎರಡು ದಿನ ಬಿಟ್ಟೆ. ಮೂರನೆಯ ದಿನ ಅಳುತ್ತಲೇ ತಿಂದೆ. ಬಯಕೆ ಎಂದರೆ ಅದು, ಬಸುರಿಯಾಗದವರಿಗೆ ಹೇಳಿ ಪ್ರಯೋಜನವಿಲ್ಲ. ಉಳಿದದ್ದು ಒಂದೇ ದಾರಿ, ಬ್ಲೇಡು ಸವೆಯಬಾರದು. ಅದು ಸವೆಯದಿದ್ದರೆ ಮಣ್ಣಿನಲ್ಲಿ ವಜ್ರ ಇರುವುದಿಲ್ಲ.

ಇವರು ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಶುರುಮಾಡುತ್ತಿದ್ದೆ. "ನೀರು ಎರಡೂ ಕಡೆ ಬೀಳ್ತಿತ್ತೇನ್ರೀ? ಒತ್ತಿ ಕೊಯ್ದ್ರೇನು? ಬಿಸಿಯಾದ್ರೆ ಬರಿದೇ ತಿರುಗಾಕ್ ಬಿಟ್ಟು ಆರಿಸಿದ್ರಾ?" ಇಟ್ಟಿಗೆ ಕೊಯ್ದೆ ಎಂದ ದಿನ ನನಗೆ ಅನ್ನ ಇಳಿಯುತ್ತಿರಲಿಲ್ಲ. ಇವರಿಗೋ ಎಲ್ಲಿಲ್ಲದ ಸಂತೋಷ. ತಮ್ಮ ಕೆಲಸದಲ್ಲಿ ಹೆಂಡತಿಗೆ ಇಷ್ಟು ಆಸ್ಥೆ ಎಂದು ಶೆಡ್ಡಿನಲ್ಲೆಲ್ಲ ಹೇಳಿಕೊಂಡು ಬಂದರು. ನನಗೆ ಇವರ ನಗುಮುಖ ಕಂಡು ಚಚ್ಚಿಬಿಡುವಷ್ಟು ಸಿಟ್ಟು ಬರುತ್ತಿತ್ತು.

ಒಂಬತ್ತನೇ ತಿಂಗಳಲ್ಲಿ ಹೆರಿಗೆಗೆ ಕರೆದೊಯ್ಯಲು ಅಣ್ಣ ಅಜ್ಜಂಪುರದಿಂದ ಬಂದ. ಹೋಗಲಿಲ್ಲ. ಅಲ್ಲಿ ಕೂತರೆ ಬ್ಲೇಡು ಹೇಗಿದೆಯೆಂದು ದಿನಾ ಯಾರು ಹೇಳುತ್ತಾರೆ? ಗಂಡನನ್ನು ಬಿಟ್ಟಿರಲಾರಳೆಂದು ಅಣ್ಣ ನಗಾಡಿಕೊಂಡು ಹಿಂದಿರುಗಿದ.

ಅದಾಗಿ ವಾರ ಕಳೆದಿರಲಿಲ್ಲ. ಬೆಳಿಗ್ಗೆ ಒಲೆ ಮುಂದೆ ಕೂತಿದ್ದವಳಿಗೆ ಹೊಟ್ಟೆಯ ಬುಡದಲ್ಲಿ ಕೊಯ್ದ ಹಾಗಾಯಿತು. ಸ್ವಲ್ಪ ಬಿಟ್ಟಿತು, ಮತ್ತೆ ಕೊಯ್ದಿತು. ದಿನ ಇನ್ನೂ ತುಂಬಿರಲಿಲ್ಲ. ಹಾಗಾದರೆ ಇದು ಅದೇ ಎಂದುಕೊಂಡೆ. ಮಧ್ಯಾಹ್ನ ಊಟಕ್ಕೆ ಇವರು ಬರುವ ಹೊತ್ತಿಗೆ ಗೋಡೆಗೊರಗಿ ಬೆವರುತ್ತಿದ್ದೆ.

"ರೀ, ನಾನು ಸಾಯ್ತೀನಿ. ಒಳಗೆ ವಜ್ರ ಕೊಯ್ತಾ ಐತೆ" ಎಂದೆ.

ಇವರಿಗೆ ತಲೆಬುಡ ತಿಳಿಯಲಿಲ್ಲ. ಡಬ್ಬಿ ತೋರಿಸಿದೆ. ಮೂರು ತಿಂಗಳಾದಾಗಿನಿಂದ ತಿಂದದ್ದು, ಇಟ್ಟಿಗೆಯ ಮಣ್ಣು, ಅಮೀನಾಬಿ ಹೇಳಿದ ಬೇಗಂ, ಎಲ್ಲವನ್ನೂ ನೋವಿನ ನಡುವೆ ಒದರಿದೆ. ಇಲ್ಲ ಕಣೇ, ಏನೂ ಆಗಲ್ಲ ಎನ್ನುತ್ತಾರೆಂದು ಮುಖ ನೋಡಿದೆ. ಇವರು ಹಾಗೆನ್ನಲಿಲ್ಲ. ಮುಖ ಸುಣ್ಣವಾಯಿತು. ವಜ್ರದ ವಿಷಯ ನನಗಿಂತ ಹೆಚ್ಚು ಬಲ್ಲ ಈ ಮನುಷ್ಯನೇ ಹೆದರಿದ್ದನ್ನು ಕಂಡು ನನ್ನ ಜೀವ ಅರ್ಧ ಅಲ್ಲೇ ಹೋಯಿತು.

ಇವರು ನನ್ನ ಪಕ್ಕ ಕೂತು ಡಬ್ಬಿಯ ಮುಚ್ಚಳ ತೆಗೆದರು. ಹಿಡಿ ತುಂಬ ಮಣ್ಣು ತೆಗೆದು ಬಾಯಿಗೆ ಹಾಕಿಕೊಂಡರು. ಓಕರಿಕೆ ಬಂದರೂ ಬಿಡದೆ ನೀರು ಕುಡಿದು ನುಂಗಿದರು. ಮತ್ತೆ ಕೈ ಹಾಕಿದರು.

"ಏನ್ರೀ ಮಾಡ್ತಿದೀರಾ!"

"ಆಗೋದು ಇಬ್ರಿಗೂ ಆಗ್ಲಿ ಕಣೇ. ನಿನ್ನೊಬ್ಳನ್ನೇ ಕಳ್ಸಕ್ಕೆ ನನ್ನ ಕೈಲಾಗಲ್ಲ."

ಡಬ್ಬಿಯನ್ನು ಒದ್ದೆ. ಬಾಯಿಗೆ ಬಂದ ಹಾಗೆ ಬೈದೆ. ಮಗು ಉಳಿದರೆ ನೋಡಿಕೊಳ್ಳುವುದಕ್ಕೆ ಇದ್ದದ್ದು ಇದೊಂದು ಜೀವ, ಅದೂ ಮಣ್ಣು ತಿಂದು ಕೂತಿತು. ಅಲ್ಲಿಯತನಕ ಎರಡು ಜೀವಕ್ಕೆ ಹೆದರುತ್ತಿದ್ದವಳು ಈಗ ಮೂರಕ್ಕೆ ಹೆದರಿ ಜೋರಾಗಿ ಅತ್ತೆ. ಇವರು ಬೆಳ್ಳಗಾದ ಬಾಯಿಯಲ್ಲೇ ಸೂಲಗಿತ್ತಿ ಹುಲಿಗೆಮ್ಮನನ್ನು ಕರೆಯಲು ಓಡಿದರು.

ಹುಲಿಗೆಮ್ಮ ಹೊಟ್ಟೆ ಒತ್ತಿ ನೋಡಿ, "ಹೆರಿಗೆ ನೋವು ಕಣವ್ವಾ, ಅದ್ಕ್ಯಾಕೆ ಈ ಪಾಟಿ ಗೋಳು?" ಎಂದಳು. ನಾನು ನಂಬಲಿಲ್ಲ. ಒಂದೊಂದು ನೋವಿಗೂ ಒಳಗೆ ಮಗು ಚೂರಾಗುತ್ತಿದೆಯೆಂದೇ ಅರಚಿದೆ. ದೀಪ ಹಚ್ಚುವ ಹೊತ್ತಿಗೆ ಮಗು ಜಾರಿತು. ಸದ್ದಿಲ್ಲ. ಕಣ್ಣು ಬಿಡಲು ಧೈರ್ಯವಾಗದೆ ಹಾಗೇ ಮಲಗಿದ್ದೆ. ಆಮೇಲೆ ಅದು ಅತ್ತಿತು.

ಬಾಗಿಲಾಚೆಯಿಂದ ಇವರ ದನಿ ಕೇಳಿಸಿತು: "ಹುಲಿಗವ್ವಾ, ಮೈಮೇಲೆ ಎಲ್ಲಾದ್ರೂ ಗಾಯ ಐತಾ?"

"ಎಲ್ರೂ ಗಂಡೋ ಹೆಣ್ಣೋ ಅಂತ ಕೇಳ್ತಾರೆ, ಇದೆಂಥ ಕೇಳಾಟನಪ್ಪಾ ನಿಂದು!" ಎಂದು ಹುಲಿಗೆಮ್ಮ ರೇಗಿದಳು. ಆದರೂ ಮಗುವನ್ನು ಬೆಳಕಿಗೆ ಹಿಡಿದು, ಬೆನ್ನು, ಕಂಕುಳು, ಬೆರಳ ಸಂದಿ ಎಲ್ಲ ತಿರುಗಿಸಿ ನೋಡಿದಳು. "ಒಂದು ಗೀರೂ ಇಲ್ಲ. ಹೆಣ್ಣು."

ಆಚೆ ಇವರು ಬಿಕ್ಕುವುದು ಕೇಳಿಸಿತು. ನನಗೆ ಮಾತ್ರ ಇನ್ನೂ ನೆಮ್ಮದಿಯಿಲ್ಲ. ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಮಲಗಿದ್ದಲ್ಲಿಂದಲೇ ಕೂಗಿದೆ: "ರೀ, ನಿಮ್ ಹೊಟ್ಟೆ ಹೆಂಗೈತೆ?"

ಬಾಗಿಲಾಚೆ ಇವರು ಮೂಗು ಸೀಟಿದ ಸದ್ದಾಯಿತು.

"ಹಸೀತಾ ಐತೆ ಕಣೇ" ಎಂದರು.