ಕೊಲ್ಲಿ ಮುಚ್ಚಿದ ವರ್ಷ

ಮನೆಯಲ್ಲಿ ಇಬ್ಬರೇ ಮಕ್ಕಳು, ಅಕ್ಕ ಮತ್ತು ತಮ್ಮ. ತಮ್ಮನನ್ನು ಬಂದರಿನಲ್ಲಿ ಎಲ್ಲರೂ ಗಡಿಬಿಡಿ ಎಂದೇ ಕರೆಯುತ್ತಿದ್ದರು. ಅವನು ಒಂದು ಕಾಲಿಗೆ ಚಪ್ಪಲಿ ಹಾಕುವಷ್ಟರಲ್ಲಿ ಇನ್ನೊಂದು ಕಾಲು ಬೀದಿಯಲ್ಲಿರುತ್ತದೆ ಎಂದು ಅಮ್ಮ ನಗುತ್ತಿದ್ದಳು. ಅವನಿಗಿದ್ದದ್ದು ಒಂದು ಚಿಕ್ಕ ದೋಣಿ, ಅದರ ಹಿಂದೆ ಕಟ್ಟುವ ಕಬ್ಬಿಣದ ಹಲ್ಲಿನ ಬುಟ್ಟಿ. ಕೊಲ್ಲಿಯ ತಳ ಗೀರಿ ಚಿಪ್ಪುಮೀನು ಎತ್ತುವುದು ಅವನ ಕಸುಬು, ಅಪ್ಪನದೂ ಅದೇ ಆಗಿತ್ತು. ಅಕ್ಕ ಮಾತ್ರ ಓದಿ ಕಡಲ ಸಂಶೋಧನಾ ಕೇಂದ್ರ ಸೇರಿದಳು. ಆ ಹಲ್ಲುಗಳು ಕಿತ್ತುಹಾಕಿದ ಕಡಲಹುಲ್ಲನ್ನು ಮತ್ತೆ ನೆಡುವುದು ಅವಳ ಕೆಲಸ.

"ನಾನು ಕೀಳ್ತೀನಿ, ನೀನು ನೆಡ್ತೀಯ. ಇಬ್ಬರಿಗೂ ಕೆಲಸ ತಪ್ಪಲ್ಲ ಬಿಡು," ಎನ್ನುತ್ತಿದ್ದ ತಮ್ಮ.

ಎರಡು ವರ್ಷ ಕೂತು ಅವಳು ಕೊಲ್ಲಿಗೊಂದು ಯೋಜನೆ ಬರೆದಳು. ಬರೀ ಹುಲ್ಲಿನದಲ್ಲ. ನದಿ ತರುವ ಹೂಳು, ದೋಣಿಗಳ ಲಂಗರು, ಹುಲ್ಲಿನ ಬುಡದಲ್ಲಿ ಬೆಳೆಯುವ ಮರಿಮೀನು, ಇವೆಲ್ಲದರ ಜೊತೆಗೆ ದಡದ ಮೇಲಿನ ಜನ. ಐದು ವರ್ಷ ಯಾರೂ ತಳ ಗೀರಬಾರದು. ಮುಚ್ಚಿದ ದಿನದಿಂದಲೇ ಮೂವತ್ತೊಂದು ಮನೆಗಳಿಗೆ ಕೊಲ್ಲಿಯ ಅಂಚಿನಲ್ಲಿ ಹಗ್ಗ ಇಳಿಬಿಟ್ಟು ಚಿಪ್ಪು ಬೆಳೆಸುವ ಕೆಲಸ ಸಿಗಬೇಕು.

ಸಭೆಯಲ್ಲಿ ಗದ್ದಲವೋ ಗದ್ದಲ. ಮುದುಕನೊಬ್ಬ ಕುರ್ಚಿ ಒದ್ದ. ಆಗ ತಮ್ಮ ಎದ್ದು ನಿಂತ.

"ಹೋದ ವರ್ಷ ಬುಟ್ಟಿ ತುಂಬ ಬರೀ ಕೆಸರು ಬಂತು. ಯಾರಿಗೆ ಬರಲಿಲ್ಲ, ಹೇಳಿ? ಹಗ್ಗದ ಕೆಲಸ ಕೊಡಿಸ್ತೀನಿ ಅಂತ ಅಕ್ಕ ಹೇಳಿದ್ದಾಳೆ. ಅವಳು ಸುಳ್ಳು ಹೇಳೋಳಲ್ಲ. ನಾನಂತೂ ಕೈ ಎತ್ತಿದೆ."

ಒಂದೊಂದಾಗಿ ಉಳಿದ ಕೈಗಳೂ ಮೇಲೆದ್ದವು.

ಹದಿನೈದು ದಿನ ಕಳೆದ ಮೇಲೆ ಇಲಾಖೆಯ ಅಧಿಕಾರಿ ಅಕ್ಕನನ್ನು ಕರೆಸಿದರು. "ಹಗ್ಗದ ಭಾಗ ಮುಂದಿನ ವರ್ಷಕ್ಕೆ ಹೋಗಿದೆ. ಮುಚ್ಚೋ ಆದೇಶ ಬೇಕಾದ್ರೆ ಈಗಲೇ ಕೊಡ್ತೀವಿ. ಸಹಿ ಹಾಕ್ತೀರಾ, ಕಾಯ್ತೀರಾ?"

ಕೇಂದ್ರದ ತೊಟ್ಟಿಗಳಲ್ಲಿ ಕಡಲಹುಲ್ಲಿನ ನಲವತ್ತು ಸಾವಿರ ಬೀಜಗಳಿದ್ದವು. ದೂರದ ತೀರದಿಂದ ಅವಳೇ ಮುಳುಗಿ ಆರಿಸಿ ತಂದವು. ಆ ಬೆಳಿಗ್ಗೆಯಷ್ಟೇ ಸಿಪ್ಪೆ ಬಿರಿಯತೊಡಗಿದ್ದವು. ಮೂರು ವಾರದೊಳಗೆ ಯಾರೂ ಗೀರದ ನೆಲ ಸೇರದಿದ್ದರೆ ಎಲ್ಲವೂ ಕೊಳೆಯುತ್ತವೆ. ಒಂದೇ ವರ್ಷ ತಾನೆ, ಹೇಗೋ ಆಗುತ್ತದೆ ಎಂದುಕೊಂಡು ಅವಳು ಸಹಿ ಹಾಕಿದಳು. ಕಾಯುವ ಆಯ್ಕೆಯೂ ಇತ್ತೆಂದು ಯಾರಿಗೂ ಹೇಳಲಿಲ್ಲ.

"ಹಗ್ಗ ಯಾವಾಗ ಬರುತ್ತಕ್ಕಾ?" ತಮ್ಮ ಕೇಳಿದ.

"ಬರುತ್ತೆ ಕಣೋ. ಸ್ವಲ್ಪ ತಡ."

"ಸರಿ ಬಿಡು. ಅಲ್ಲೀವರೆಗೂ ಬಂಡೆಯಾಚೆ ಹೋಗಿ ಗಾಳ ಹಾಕ್ತೀನಿ."

"ತೆರೆದ ಕಡಲಿಗಾ? ಆ ದೋಣೀಲಿ?"

"ತಾನು ಚಿಕ್ಕದು ಅಂತ ದೋಣಿಗೇನು ಗೊತ್ತು? ನೀನು ಹೇಳದೆ ಇದ್ರೆ ಆಯ್ತು."

ಅವಳಿಗೂ ನಗು ಬಂತು. ನಕ್ಕಳು.

ಕೊಲ್ಲಿ ಮುಚ್ಚಿದ ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಗಾಳಿ ಎದ್ದಿತು. ಕೊಲ್ಲಿಯೊಳಗೆ ಅದು ಗೊತ್ತೇ ಆಗಲಿಲ್ಲ. ಅವಳು ನೀರಿನಡಿಯಲ್ಲಿ ಚೌಕಟ್ಟು ಇಟ್ಟು ಚಿಗುರು ಎಣಿಸುತ್ತಿದ್ದಳು. ಒಂದು ಚೌಕದಲ್ಲಿ ಹದಿನಾಲ್ಕು, ಪಕ್ಕದ್ದರಲ್ಲಿ ಹತ್ತೊಂಬತ್ತು. ಖುಷಿಯಿಂದ ಮೇಲೆ ಬಂದಾಗ ದೋಣಿಯಲ್ಲಿದ್ದ ಸಹೋದ್ಯೋಗಿ ಕೈಯಲ್ಲಿ ಫೋನ್ ಹಿಡಿದು ಅವಳ ಮುಖ ನೋಡುತ್ತಿದ್ದ. ಬಂಡೆಯಾಚೆ ಬೋರಲಾದ ದೋಣಿ ಸಿಕ್ಕಿತ್ತು. ತಮ್ಮ ಸಿಕ್ಕಿದ್ದು ಎರಡು ದಿನದ ಮೇಲೆ. ಅಮ್ಮ ಅವನ ಕಾಲು ಮುಟ್ಟಿ ನೋಡಿ, "ಎಷ್ಟು ತಣ್ಣಗಿದಾನೆ," ಎಂದಳು.

ಮರುವರ್ಷ ಹಗ್ಗ ಬಂತು. ತಮ್ಮನ ಹೆಂಡತಿಯೂ ಕೆಲಸಕ್ಕೆ ಸೇರಿದಳು. ಹಗ್ಗದ ಸುರುಳಿ ಹಂಚುತ್ತಿದ್ದ ಗುಮಾಸ್ತ ಅವಳೊಂದಿಗೆ ಮಾತಾಡುತ್ತ, ಇದು ಹೋದ ವರ್ಷವೇ ಬರಬೇಕಿತ್ತು, ಕಾಯ್ತೀರಾ ಅಂತ ಕೇಳಿದ್ರೂ ನಿಮ್ಮತ್ತಿಗೆ ಸಹಿ ಹಾಕಿಬಿಟ್ರು ಎಂದ. ತಮ್ಮನ ಹೆಂಡತಿ ಒದ್ದೆ ಏಪ್ರನ್‌ನಲ್ಲೇ ಕೇಂದ್ರಕ್ಕೆ ನಡೆದು ಬಂದಳು. ತೊಟ್ಟಿಗಳ ಕೋಣೆಯಲ್ಲಿ ಅಕ್ಕ ಒಬ್ಬಳೇ ಇದ್ದಳು.

"ಅತ್ತಿಗೆ, ಹಗ್ಗ ಬರಲ್ಲ ಅಂತ ಸಹಿ ಹಾಕೋವಾಗ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಅವರಿಗೆ?"

"ಹೇಳಿರಲಿಲ್ಲ."

ತೊಟ್ಟಿಯ ಪಂಪು ಗುಳುಗುಳು ಎನ್ನುತ್ತಿತ್ತು. "ಹೇಳಿದ್ರೂ ಅವರು ಹೂಂ ಅಂತಾನೇ ಅಂತಿದ್ರು, ಅತ್ತಿಗೆ. ನೀವು ಅಂದ್ರೆ ಅಷ್ಟು ಅವರಿಗೆ," ಎಂದಳು ತಮ್ಮನ ಹೆಂಡತಿ. "ಕೇಳಬೇಕಿತ್ತು ನೀವು." ಅಷ್ಟೇ ಹೇಳಿ ಹೊರಟುಹೋದಳು.

ನಾಲ್ಕನೆಯ ವರ್ಷಕ್ಕೆ ಕೊಲ್ಲಿಯ ತಳ ಹಸಿರಾಯಿತು. ನೀರು ತಿಳಿಯಾಯಿತು. ಹುಲ್ಲಿನೊಳಗೆ ಬೆರಳುದ್ದದ ಮರಿಗಳು ಹಿಂಡುಹಿಂಡಾಗಿ ಸುಳಿದವು. ನೋಡಲು ಎಲ್ಲೆಲ್ಲಿಂದಲೋ ಜನ ಬಂದು ಅವಳ ಕೈ ಕುಲುಕಿದರು. ಅವಳು ಅಂಕಿಅಂಶ ಹೇಳಿ, ಚಿತ್ರ ತೋರಿಸಿ, ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ಆ ಕೆಲಸ ನೋಡಿಯೇ ಪಕ್ಕದ ಕೊಲ್ಲಿಯ ಯೋಜನೆಯನ್ನೂ ಅವಳಿಗೆ ಒಪ್ಪಿಸಿದರು. ಅಲ್ಲೂ ಅದೇ ಮಾತು ಬಂತು: ಮೊದಲು ಮುಚ್ಚೋಣ, ಜನರದ್ದು ಆಮೇಲೆ. ಅವಳು ಆಗುವುದಿಲ್ಲ ಎಂದಳು. ಅಲ್ಲಿನ ಮನೆಮನೆಗೂ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಜನ ಕಾಯೋಣ ಎಂದರು. ಆ ವರ್ಷದ ಬೀಜಗಳೆಲ್ಲ ಕೊಳೆತವು. ಜೊತೆಯವರು ಮುಖ ತಿರುಗಿಸಿಕೊಂಡರು. ಕೊಳೆತ ಬೀಜವನ್ನು ಅವಳೇ ಬಕೆಟ್ಟಿನಲ್ಲಿ ತುಂಬಿ ತುಂಬಿ ಹೊರಗೆ ಚೆಲ್ಲಿದಳು.

ಆ ಸಂಜೆ ತಮ್ಮನ ಮನೆಗೆ ಹೋದಳು. ಯಾಕೆ ಹೋಗುತ್ತಿದ್ದೇನೆಂದು ಅವಳಿಗೇ ತಿಳಿದಿರಲಿಲ್ಲ. ಅವನ ಹೆಂಡತಿ ಬಾಗಿಲು ತೆರೆದಳು. ಒಳಗೆ ಕರೆಯಲಿಲ್ಲ.

"ಕೇಳಿದೆ," ಎಂದಳು. "ಆ ಕೊಲ್ಲಿ ವಿಷಯ. ಒಳ್ಳೇದು ಮಾಡಿದ್ರಿ."

ಅಕ್ಕ ಒಂದು ಮೆಟ್ಟಿಲು ಮೇಲೆ ಹತ್ತಿದಳು.

"ಅಲ್ಲಿನ ಹೆಂಗಸರಿಗೆ ಒಳ್ಳೇದಾಯ್ತು. ನನಗೇನಾಯ್ತು ಅದರಿಂದ?" ಎಂದಳು ಅವಳು, ದನಿ ಏರಿಸದೆ. "ಅತ್ತೆಯನ್ನ ನೋಡೋಕೆ ನಿಮ್ಮನೆಗೆ ಬರ್ತೀನಿ, ವಾರ ವಾರ. ನೀವಿಲ್ಲದ ಹೊತ್ತು ಯಾವುದು ಅಂತ ಹೇಳಿಬಿಡಿ."

"ಬೆಳಿಗ್ಗೆ ಹತ್ತರಿಂದ ಒಂದು. ನೀರಲ್ಲಿರ್ತೀನಿ."

"ಸರಿ."

ಬಾಗಿಲು ಮೆಲ್ಲಗೆ ಮುಚ್ಚಿತು. ಒಳಗೆ ಪಾತ್ರೆ ತೊಳೆಯುವ ಸದ್ದು ಶುರುವಾಗುವವರೆಗೂ ಅಕ್ಕ ಮೆಟ್ಟಿಲ ಮೇಲೆ ನಿಂತಿದ್ದಳು. ಆಮೇಲೆ ಮನೆಗೆ ಹೋಗಿ, ಅಮ್ಮನ ಪಕ್ಕ ಕೂತು, ಇನ್ನು ವಾರ ವಾರ ಸೊಸೆ ಬರುತ್ತಾಳಂತೆ ಎಂದು ಹೇಳಿದಳು.