ಕರಿಮುಗಿಲನ ಹೆಗಲ ಕಂಬಳಿ

ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ಹದಿನೆಂಟು ವರ್ಷ ರವಿಕೆ ಹೊಲಿದವಳು ನಾನು. ತೋಳು ಬಿಗಿ ಎಂದು ಬೈಸಿಕೊಂಡಿದ್ದೇನೆ, ಹೇಳಿದ ದಿನಕ್ಕೆ ಕೊಡಲಿಲ್ಲ ಎಂದೂ ಬೈಸಿಕೊಂಡಿದ್ದೇನೆ. ಆದರೆ ಕೊಟ್ಟ ಬಟ್ಟೆ ವಾಪಸ್ಸು ಬರಲಿಲ್ಲ ಎಂದು ಒಬ್ಬರೂ ಅಂದಿರಲಿಲ್ಲ. ಆ ಹೆಸರು ಕಳೆದುಕೊಳ್ಳಲು ನನಗೆ ಒಂದು ಸೀರಿಯಲ್ಲು ಸಾಕಾಯಿತು.

‘ಕರಿಮುಗಿಲ’ನನ್ನು ನಮ್ಮ ಕಡೆ ನೋಡದವರು ಕಡಿಮೆ. ಗುಡ್ಡದಿಂದ ಗುಡ್ಡಕ್ಕೆ ಹಾರುವ, ಕೈಯೆತ್ತಿ ಮೋಡ ಕರೆಯುವ ವೀರ. ಮೊದಲ ಸೀಸನ್ನಿನಲ್ಲಿ ಅವನ ಬೆನ್ನಿಗೆ ರಬ್ಬರಿನಂಥ ಯಾವುದೋ ಬಟ್ಟೆ ಕಟ್ಟಿದ್ದರು. ಅವನು ಹಾರಿದರೆ ಟಾರ್ಪಾಲು ಬಿಚ್ಚಿಕೊಂಡ ಲಾರಿ ಹೋದ ಹಾಗಿದೆ ಎಂದು ಜನ ಆಡಿಕೊಂಡರು. ಆ ಮಾತು ನಿರ್ದೇಶಕ ಶರಣ್‌ಗೆ ನಾಟಿರಬೇಕು. ಎರಡನೇ ಸೀಸನ್ನಿಗೆ ನಮ್ಮ ಸೀಮೆಯ ಕರಿ ಕಂಬಳಿಯೇ ಬೇಕು, ಅದನ್ನು ನೋಡಿಕೊಳ್ಳುವುದಕ್ಕೂ ಈ ಕಡೆಯವರೇ ಬೇಕು ಎಂದು ಹಟ ಹಿಡಿದ. ನನ್ನ ಆಶಾರಾಣಿ ಟೈಲರ್ಸ್‌ ಅಂಗಡಿಗೆ ಬೀಗ ಹಾಕಿ ನಾನು ಉಡುಪಿನ ವಿಭಾಗ ಸೇರಿದ್ದು ಹಾಗೆ. ಚಿತ್ರದುರ್ಗದ ಲಾಡ್ಜೊಂದರಲ್ಲಿ ನನಗೊಂದು ರೂಮು, ಎರಡು ಟ್ರಂಕು, ಒಂದು ಇಸ್ತ್ರಿಪೆಟ್ಟಿಗೆ ಕೊಟ್ಟರು. ಟಿ.ವಿ.ಯವರ ಕೆಲಸ ಎಂದು ನಾನೂ ಸ್ವಲ್ಪ ಬೀಗಿದೆ, ಸುಳ್ಳೇಕೆ ಹೇಳಲಿ.

ಹೊಸ ಕಂಬಳಿ ತಂದು ನೋಡಿದೆವು. ಅದಕ್ಕೆ ಹುಣಸೆ ಬೀಜದ ಗಂಜಿ ಬಳಿದಿರುತ್ತಾರೆ. ಹೊದ್ದರೆ ಬಾಗಿಲು ಹೊತ್ತುಕೊಂಡ ಹಾಗೆ ನೆಟ್ಟಗೆ ನಿಲ್ಲುತ್ತದೆ, ಎಂಥ ಗಾಳಿಗೂ ಜಗ್ಗುವುದಿಲ್ಲ. ಶರಣ್ ತಲೆ ಮೇಲೆ ಕೈ ಹೊತ್ತು ಕೂತಾಗ ನಾಗರಾಜ್ ಬಾಯಿಬಿಟ್ಟ. ಈ ನಾಗರಾಜ್ ಹೀರೋನ ಬದಲಿಗೆ ಸಾಹಸ ಮಾಡುವವನು. ಮಾತಾಡುವುದು, ನಗುವುದು ಹೀರೋನ ಪಾಲು. ಬೀಳುವುದು, ಹಗ್ಗದಲ್ಲಿ ನೇತಾಡುವುದು, ಬಂಡೆಗೆ ಮೈ ಕೊಡುವುದು ಇವನ ಪಾಲು. ತಮ್ಮ ಮನೆಯಲ್ಲಿ ಒಂದು ಹಳೇ ಕಂಬಳಿ ಇದೆ, ಗಾಳಿ ಬಂದರೆ ನೀರಿನ ಹಾಗೆ ಆಡುತ್ತದೆ ಎಂದ.

ಹಿರಿಯೂರಿನ ಆಚೆ ಅವರ ಗೊಲ್ಲರ ಹಟ್ಟಿ. ಹಟ್ಟಿಗೆ ಸುತ್ತ ಮುಳ್ಳುಬೇಲಿ, ಒಳಗೆ ಐವತ್ತು ಮನೆ. ಆ ಕಂಬಳಿ ಹಟ್ಟಿಯ ಗದ್ದಿಗೆ ಕಂಬಳಿ. ಮದುವೆಯಾಗಲಿ, ಜಗಳದ ತೀರ್ಮಾನವಾಗಲಿ, ಆಣೆ ಪ್ರಮಾಣವಾಗಲಿ, ಮೊದಲು ಅದನ್ನು ಹಾಸಿ, ಮೇಲೆ ಅಕ್ಕಿಯ ಗೆರೆ ಎಳೆದು, ಕಾಯಿ ಇಟ್ಟು ಕೈ ಮುಗಿಯಬೇಕು. ಆಮೇಲೆ ಉಳಿದದ್ದು. ಅದನ್ನು ಕಾಯುವ ಮನೆತನ ನಾಗರಾಜನದು, ಈಗ ಕಾಯುತ್ತಿದ್ದವರು ಅವನ ಅಪ್ಪ ಗೊಲ್ಲಪ್ಪ. ಕರಿ ಉಣ್ಣೆ, ಅಂಚಿಗೆ ನಾಲ್ಕು ಬೆರಳಗಲದ ಬಿಳಿ ಪಟ್ಟೆ. ಕೈಯಲ್ಲಿ ಹಿಡಿದರೆ ಭಾರವೇ ಗೊತ್ತಾಗದು.

ನಾನೂ ನಾಗರಾಜನೂ ಹೋಗಿ ಗೊಲ್ಲಪ್ಪನವರನ್ನು ಕೇಳಿದೆವು. ಅವರ ಹೆಂಡತಿ ಗಂಗಕ್ಕ ಒಳಗಿನಿಂದ ಬೇಡ ಎಂದೇ ಹೇಳುತ್ತಿದ್ದರು. ಆದರೆ ಎಂಟು ವರ್ಷ ಊರೂರು ಅಲೆದು ಯಾರದೋ ಹೆಸರಿನಲ್ಲಿ ಬಿದ್ದೆದ್ದ ಮಗ ಮೊದಲ ಸಲ ಮನೆಯಿಂದ ಏನನ್ನೋ ಕೇಳಿದ್ದ. ಕೊನೆಗೆ ಗೊಲ್ಲಪ್ಪ ಹಟ್ಟಿಯ ಯಾರಿಗೂ ಹೇಳದೆ ಕಂಬಳಿ ತಂದು ನನ್ನ ಮುಂದೆ ಹಿಡಿದರು.

“ಇದು ಹಟ್ಟಿ ಸೊತ್ತು ತಾಯಿ, ನಂದಲ್ಲ. ನನ್ನ ಮಗನ ಹೆಗಲು ಬಿಟ್ಟು ಇನ್ನೊಬ್ಬರ ಮೈಗೆ ತಾಗಬಾರ್ದು. ಲತನ ಮದುವೆ ಗದ್ದಿಗೆಗೆ ಮುಂಚೆ ನಿಮ್ಮ ಕೈಯಿಂದ್ಲೇ ನನ್ನ ಕೈಗೆ ಬರ್ಬೇಕು.”

ಲತಾ ಅವರ ಮಗಳು. ಮದುವೆಗೆ ಮೂರು ತಿಂಗಳಿತ್ತು. ನಾನು ಕಂಬಳಿಯ ಮೇಲೆ ಕೈಯಿಟ್ಟು ಆಯಿತು ಎಂದೆ. ಆ ಮೂರು ತಿಂಗಳು ಅದನ್ನು ಎಳೆಗೂಸಿನ ಹಾಗೆ ನೋಡಿಕೊಂಡೆ. ಕೂದಲೆಳೆ ಕಿತ್ತು ಬಂದರೆ ಅಲ್ಲೇ ಸೂಜಿ ಹಿಡಿಯುತ್ತಿದ್ದೆ. ಅದೇ ಬಿಳಿ ಅಂಚು ಇಟ್ಟು ಮೂರು ಹೊಸ ಕಂಬಳಿ ನೇಯಿಸಿ ಹೀರೋಗೆ ಕೊಟ್ಟೆವು. ಅವನು ನಿಂತೇ ಇರುತ್ತಿದ್ದುದರಿಂದ ಬಾಗಿಲಿನಂಥದೇ ಅವನಿಗೆ ಒಪ್ಪುತ್ತಿತ್ತು. ಹಾರುವಾಗ, ಓಡುವಾಗ ನಾಗರಾಜನ ಹೆಗಲಲ್ಲಿ ಗದ್ದಿಗೆ ಕಂಬಳಿ. ವಾಣಿವಿಲಾಸದ ಹಿನ್ನೀರಿನ ಮೇಲೆ, ಹೊಸದುರ್ಗದ ಗಾಳಿಯಂತ್ರಗಳ ಗುಡ್ಡದಲ್ಲಿ, ಮಾಡದಕೆರೆ ಕಡೆಯ ಹೊಲಗಳಲ್ಲಿ ಅದು ಆಡಿದ್ದನ್ನು ನೋಡಿದವರು ಕಣ್ಣು ತೆಗೆಯುತ್ತಿರಲಿಲ್ಲ.

ಕೊನೆಯ ಕಂತಿಗೆ ಒಂದು ಬೆಂಕಿಯ ದೃಶ್ಯ ಇತ್ತು. ವೈರಿ ಕರಿಮುಗಿಲನ ಕಂಬಳಿಗೆ ಬೆಂಕಿ ಹಚ್ಚುತ್ತಾನೆ, ಅವನು ಉರಿಯುವ ಕಂಬಳಿಯೊಂದಿಗೇ ಹತ್ತು ಹೆಜ್ಜೆ ನಡೆದು ಬರುತ್ತಾನೆ. ಸುಡುವುದಕ್ಕೆ ಹೊಸವು ಇದ್ದವಲ್ಲ, ನನಗೆ ಚಿಂತೆ ಇರಲಿಲ್ಲ. ಗಟ್ಟಿಯಾಗಿದ್ದರೆ ಉರಿಯುವಾಗ ಆಡುವುದಿಲ್ಲ, ಮೆತ್ತಗೆ ಮಾಡಿಡಿ ಎಂದು ಶರಣ್ ಹೇಳಿದ್ದ. ಹಿಂದಿನ ದಿನ ಲಾಡ್ಜಿನ ಹಂಡೆಯಲ್ಲಿ ನೀರು ಕುದಿಸಿ, ಸೋಪಿನಪುಡಿ ಹಾಕಿ, ಮೂರನ್ನೂ ಮುಳುಗಿಸಿ ಕೋಲಿನಲ್ಲಿ ತಿರುವಿದೆ.

ಹತ್ತಿ ಬಟ್ಟೆಯ ಗಂಜಿ ಬಿಡಿಸುವುದು ನನಗೆ ಗೊತ್ತು. ಕುರಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದವಳಿಗೆ ಕುರಿಕೂದಲಿನ ಗುಣ ಗೊತ್ತಿರಲಿಲ್ಲ. ಮೂರೂ ಮುದುಡಿ, ದಪ್ಪಗಾಗಿ, ಕೂಸಿಗೆ ಹೊದಿಸುವಷ್ಟು ಅಗಲಕ್ಕೆ ಇಳಿದವು. ನಾನೊಂದು ಕಡೆ, ಲಾಡ್ಜಿನವನೊಂದು ಕಡೆ ಹಿಡಿದು ಜಗ್ಗಿದೆವು. ಹಟ್ಟಿಯ ಯಾವ ಹೆಂಗಸನ್ನು ಕೇಳಿದ್ದರೂ ತಣ್ಣೀರು ಎನ್ನುತ್ತಿದ್ದಳು. ನಾನು ಕೇಳಲಿಲ್ಲ. ಆಮೇಲಾದರೂ ಬಾಯಿಬಿಟ್ಟಿದ್ದರೆ ಆ ಸಂಜೆಯೇ ಇನ್ನೊಂದು ಹಳೇ ಕಂಬಳಿ ಹುಡುಕಬಹುದಿತ್ತು, ಅದಕ್ಕೆ ಅಂಚು ಕೂಡಿಸಬಹುದಿತ್ತು. ಉಡುಪಿನವಳಿಗೆ ಬಟ್ಟೆ ಒಗೆಯಲು ಬರುವುದಿಲ್ಲ ಎಂದು ನಕ್ಕಾರು ಎಂಬ ನಾಚಿಕೆಯಲ್ಲಿ ಬಾಯಿ ಮುಚ್ಚಿಕೊಂಡೆ. ಆ ನಾಚಿಕೆಗೆ ಬೆಂಕಿ ಹಾಕ.

ಮರುದಿನ ಹೊಳಲ್ಕೆರೆ ತಾಲೂಕಿನ ಬಿ.ದುರ್ಗದ ಕಡೆಯ ಹಾಳುಬಿದ್ದ ಕಲ್ಲುಕ್ವಾರಿಯಲ್ಲಿ ಶೂಟಿಂಗು. ಟ್ರಂಕು ತೆರೆದು ಮೂರನ್ನೂ ತೋರಿಸಿದೆ. ಶರಣ್ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹಳೆಯದನ್ನು ತನ್ನಿ ಎಂದ, ಅಷ್ಟೇ. ಆಗುವುದಿಲ್ಲ, ಅದು ದೇವರ ಗದ್ದಿಗೆಯದು, ಎರಡು ಗಂಟೆ ಕೊಟ್ಟರೆ ದಾರಿಯಲ್ಲಿ ಸಿಗುವ ಯಾವ ಕುರಿಗಾಹಿಯಿಂದಲಾದರೂ ಒಂದು ಹಳೇ ಕಂಬಳಿ ತರುತ್ತೇನೆ ಎಂದು ಬೇಡಿಕೊಂಡೆ. ಹೀರೋ ನಾಲ್ಕಕ್ಕೆ ಹೊರಡಬೇಕು, ಬೆಂಕಿಗೆ ಅನುಮತಿ ಇವತ್ತೊಂದೇ ದಿನ, ಏಳು ಕಂತಿನಲ್ಲಿ ಕಂಡ ಬಿಳಿ ಅಂಚು ಎಂಟನೆಯದರಲ್ಲಿ ಇಲ್ಲದಿದ್ದರೆ ಜನ ಮತ್ತೆ ಲಾರಿ ಎನ್ನುತ್ತಾರೆ ಎಂದು ಅವನು ಬೆರಳು ಮಡಿಸಿದ. ನಾನು ಟ್ರಂಕಿನ ಮೇಲೆ ಕೂತುಬಿಟ್ಟೆ.

ಆಗ ನಾಗರಾಜ್ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. ಮೈಗೆಲ್ಲ ಬೆಂಕಿ ತಾಗದ ಹಾಗೆ ಲೋಳೆಯಂಥದೇನೋ ಬಳಿದಿದ್ದರು.

“ಕೊಡಕ್ಕ,” ಎಂದ. “ಮುಂದಿನ ಸೀಸನ್ನಾಗೆ ಮುಖ ಕಾಣಂಗೆ ಒಂದು ಪಾತ್ರ ಕೊಡ್ತೀನಿ ಅಂದವ್ರೆ. ಇವತ್ತು ಇದು ಕೆಟ್ರೆ ಅದೂ ಇಲ್ಲ. ಅಪ್ಪಂಗೆ ನಾನೇ ಹೋಗಿ ಹೇಳ್ತೀನಿ.”

ಕೊಟ್ಟೆ. ಅವನ ಬಾಳು ನೋಡಿ ಕೊಟ್ಟೆ ಎಂದರೆ ಅರ್ಧ ಸುಳ್ಳು. ಮೂರು ಕಂಬಳಿ ಹಾಳುಮಾಡಿದವಳ ಬಾಯಲ್ಲಿ ಬೇಡ ಎನ್ನುವ ಶಕ್ತಿ ಉಳಿದಿರಲಿಲ್ಲ. ಉಣ್ಣೆ ಸುಲಭಕ್ಕೆ ಹತ್ತಲಿಲ್ಲ. ಹತ್ತುವುದು, ತಾನೇ ಆರುವುದು. ಮೂರು ಸಲ ಎಣ್ಣೆ ಸುರಿದರು. ನಾಲ್ಕನೆಯ ಸಲಕ್ಕೆ ಭಗ್ ಎಂದಿತು. ತಲೆಕೂದಲು ಸುಟ್ಟ ವಾಸನೆ ಕ್ವಾರಿಯನ್ನೆಲ್ಲ ತುಂಬಿತು. ನಾಗರಾಜ್ ಹತ್ತು ಹೆಜ್ಜೆ ನಡೆದು ಕಂಬಳಿ ಕಳಚಿ ಎಸೆದ. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ನೀರು ಹೊಯ್ದು ಕೆದಕಿದೆ, ಬಿಳಿ ಅಂಚಿನದೊಂದು ಗೇಣು ತುಂಡು ಸಿಕ್ಕಿತು.

ಭಾನುವಾರ ಹಟ್ಟಿಗೆ ಹೋಗುತ್ತೇನೆ ಎಂದಿದ್ದ ನಾಗರಾಜ್ ಶನಿವಾರವೇ ಯೂನಿಟ್ಟಿನ ಬಸ್ಸು ಹತ್ತಿ ಬೆಂಗಳೂರಿಗೆ ಹೋದ. ಫೋನು ಸ್ವಿಚ್ ಆಫ್. ಬುಧವಾರ ಲತಾಳ ಮದುವೆ. ಸೋಮವಾರ ಬೆಳಿಗ್ಗೆ ನಾನೇ ಹೋದೆ.

ಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದಾಗ ಗೊಲ್ಲಪ್ಪ ಕುರಿ ಕೂಡುವ ರೊಪ್ಪದಲ್ಲಿ ಒಂದರ ಗೊರಸಿಗೆ ಮದ್ದು ಹಚ್ಚುತ್ತಿದ್ದರು. ನನ್ನ ಕೈಚೀಲ ಕಂಡಿದ್ದೇ ಎದ್ದು, ಕೈಕಾಲು ತೊಳೆದು, ಹೆಗಲ ಟವೆಲಿನಲ್ಲಿ ಒರೆಸಿಕೊಂಡು ಎರಡೂ ಕೈ ಚಾಚಿದರು. ಆ ಎರಡು ಕೈಯಲ್ಲಿ ಗೇಣು ತುಂಡು ಇಟ್ಟೆ. ಹಂಡೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮಧ್ಯೆ ಅಳು ಬಂತು, ಅತ್ತುಕೊಂಡೇ ಹೇಳಿದೆ. ನನ್ನ ಮೇಲೆ ಕೈಯೆತ್ತಲಿ ಎಂದು ಮನಸ್ಸು ಕಾಯುತ್ತಿತ್ತು.

“ಹುಡುಗನ ಮೈ ಸುಟ್ಟೈತಾ?” ಎಂದರು.

ಇಲ್ಲ ಎಂದೆ. ಅವರು ರೊಪ್ಪದ ಕಲ್ಲಿನ ಮೇಲೆ ಕೂತರು. ಆಮೇಲೆ ನನ್ನಿಂದ ಒಂದೇ ಒಂದನ್ನು ಕೇಳಿದರು. ನಾಗರಾಜನ ಹೆಸರು ಹಟ್ಟಿಯ ಬಾಯಿಗೆ ಬೀಳಬಾರದು. ಹೊರಗೆ ಒಯ್ದವನೂ ನಾನೇ, ಸುಟ್ಟುಕೊಂಡವನೂ ನಾನೇ ಎಂದು ಹೇಳುತ್ತೇನೆ, ನೀವು ಮಾತಾಡಬೇಡಿ ಎಂದರು. ತಪ್ಪೆಲ್ಲ ನನ್ನದು, ಹಿರಿಯರ ಕಾಲಿಗೆ ಬೀಳುತ್ತೇನೆ ಎಂದೆ. ನಿಮ್ಮ ಕೈಗೆ ಕೊಟ್ಟವನು ನಾನಲ್ಲವಾ ಎಂದು ಒಳಗೆ ಹೋದರು. ಗಂಗಕ್ಕ ಅಳುವುದು ಕೇಳಿಸಿತು.

ಅಂದೇ ಹಟ್ಟಿ ಸೇರಿತು. ಮದುವೆ ನಿಲ್ಲುವುದು ಬೇಡ, ನೆಂಟರ ಹಟ್ಟಿಯಿಂದ ಗದ್ದಿಗೆ ಕಂಬಳಿ ತರುವುದು ಎಂದಾಯಿತು. ಇನ್ನು ಆ ಮನೆ ಗದ್ದಿಗೆ ಕಾಯುವಂತಿಲ್ಲ. ಒಂದು ವರ್ಷ, ಗದ್ದಿಗೆ ಹಾಸಿದಾಗಲೆಲ್ಲ ಗೊಲ್ಲಪ್ಪ ಬೇಲಿಯಿಂದ ಹೊರಗಿರಬೇಕು. ಮಗಳ ಮದುವೆಗಾದರೂ ಒಳಗೆ ಬಿಡಿ ಎಂದು ಒಬ್ಬರಿಬ್ಬರು ಕೇಳಿದರಂತೆ. ಗೊಲ್ಲಪ್ಪನೇ ಒಪ್ಪಲಿಲ್ಲವಂತೆ.

ಬುಧವಾರ ನಾನು ಹೋದೆ. ಕರೆದವರಿರಲಿಲ್ಲ, ಹೋಗದಿರಲೂ ಆಗಲಿಲ್ಲ. ಬೇಲಿಯ ಹೊರಗೆ, ಜಾಲಿಗಿಡದ ಕೆಳಗೆ ಗೊಲ್ಲಪ್ಪ ಹೊಸ ಪಂಚೆ, ಹೊಸ ರುಮಾಲು ಹಾಕಿಕೊಂಡು ನಿಂತಿದ್ದರು. ಒಳಗೆ ವಾದ್ಯ ಬಡಿಯುತ್ತಿತ್ತು. ಮುಳ್ಳಿನ ಸಂದಿಯಿಂದ ಚಪ್ಪರದ ಒಂದು ಮೂಲೆ ಕಾಣುತ್ತಿತ್ತು, ಲತಾ ಕಾಣುತ್ತಿರಲಿಲ್ಲ. ಅವಳ ಸೋದರಮಾವ ಧಾರೆ ಎರೆಯುತ್ತಿದ್ದಾನೆ ಎಂದು ಯಾರೋ ಬಂದು ಹೇಳಿ ಹೋದರು. ಗೊಲ್ಲಪ್ಪ ಕೈಯಲ್ಲಿದ್ದ ಅಕ್ಕಿಯನ್ನು ಬೇಲಿಯ ಮೇಲಿಂದ ಎಸೆದರು. ಅರ್ಧ ಅಕ್ಕಿ ಮುಳ್ಳಿನ ಮೇಲೇ ಉಳಿಯಿತು. ನಾಗರಾಜ್ ಬಂದಿರಲಿಲ್ಲ.

ಗೊಲ್ಲಪ್ಪನ ಪಕ್ಕದಲ್ಲಿ ನಿಂತೆ. ವಾದ್ಯ ನಿಂತ ಮೇಲೆ ಬೇಲಿಯನ್ನೇ ನೋಡುತ್ತ ಕೇಳಿದರು.

“ಬೆಂಕಿ ಹಚ್ಚಿದ್ದು ಟಿ.ವಿ.ಯಾಗೆ ಬತ್ತೈತಲ್ಲ ತಾಯಿ, ಅದ್ರಾಗೆ ಅವನ ಮುಖ ಕಾಣ್ತೈತಾ?”

ಒಮ್ಮೆ ಮಾತು ಕೊಟ್ಟು ತಪ್ಪಿದವಳಿಗೆ ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇಲ್ಲ ಯಜಮಾನರೇ, ಬೆನ್ನು ಮಾತ್ರ ಎಂದೆ.

“ಬೆನ್ನಾದ್ರೆ ಸಾಕು,” ಎಂದರು. “ಚಿಕ್ಕಂದಿನಾಗೆ ಕಂಬಳ್ಯಾಗೆ ಸುತ್ತಿ ಬೆನ್ನ ಮೇಲೆ ಹೊತ್ಕೊಂಡು ಕುರಿ ಕಾದಿದೀನಿ. ಎಲ್ಲಿದ್ರೂ ಗುರುತು ಹಿಡಿತೀನಿ ಬಿಡವ್ವ.”

ಹೀರೋನ ಬೆನ್ನು ಅಗಲ, ನಾಗರಾಜನದು ಕಿರಿದು. ಪ್ರತಿ ಕಂತಿನಲ್ಲೂ ಬೆಂಗಳೂರಿನಲ್ಲಿ ಕೂತವರು ಕಂಪ್ಯೂಟರಿನಲ್ಲಿ ಅವನ ಬೆನ್ನನ್ನು ಅಳಿಸಿ ಹೀರೋನ ಬೆನ್ನು ಕೂಡಿಸುತ್ತಾರೆ. ಅದನ್ನು ನಾನು ಅವರಿಗೆ ಹೇಳಲಿಲ್ಲ.