ಮೂರು ಬೆರಳಿನ ಕೈ

ಹೋರ್ನ್ ಬಂದರಿನ ಕಮ್ಮಾರರ ಸಂಘದ ಮುಖ್ಯಸ್ಥ ಸೇಗರ್, ಮೂಗು ತಾಗುವಷ್ಟು ಬಾಗಿ ತಾಮ್ರದ ತಗಡನ್ನು ನೋಡಿದ. ಅದರ ಮೇಲೆ ಅಚ್ಚಿನಂಗಡಿಯ ಹಿಲ್ಲೆ, ಮುದುಕ ಕಮ್ಮಾರ ವೊಲ್ಫರ್ಟನ ಚಿತ್ರ ಕೊರೆದಿದ್ದಳು. ನಲವತ್ತು ವರ್ಷ ಹಡಗುಗಳಿಗೆ ಲಂಗರು ಬಡಿದವನೆಂದು ಸಂಘವೇ ಹೇಳಿ ಮಾಡಿಸಿದ ಚಿತ್ರ.

"ಮುಖ ಚೆನ್ನಾಗಿ ಬಂದಿದೆ. ಕೈ ಮಾತ್ರ ಆಗಲ್ಲಮ್ಮ. ಮೂರೇ ಬೆರಳು ಕೊರೆದಿದ್ದೀಯಲ್ಲ?"

"ಬಲಗೈಲಿ ಅವರಿಗಿರೋದೇ ಮೂರು, ಯಜಮಾನ್ರೆ."

"ನನಗೆ ಗೊತ್ತಿಲ್ವಾ? ಇದರ ನೂರು ಪ್ರತಿ ಅಚ್ಚಾಗಿ ಸಂಘದ ಗೋಡೆ ಮೇಲೂ ಬಂದರಿನ ತುಂಬಾನೂ ಇರುತ್ತೆ. ಹಡಗಿನ ಸಾಹುಕಾರ್ರು ನೋಡಿ, ತನ್ನ ಬೆರಳೇ ಉಳಿಸಿಕೊಳ್ಳದವನು ನಮ್ಮ ಹಡಗು ಉಳಿಸ್ತಾನಾ ಅಂತಾರೆ. ಐದು ಮಾಡು. ಇಲ್ದಿದ್ರೆ ಸಂಘದ ಕೆಲಸ ಇನ್ನು ಈ ಬಾಗಿಲಿಗೆ ಬರಲ್ಲ."

ಅವನು ಹೋದ ಮೇಲೆ, ಮೂಲೆಯಲ್ಲಿ ಉಪ್ಪುಮೀನು ತಿನ್ನುತ್ತ ಕೂತಿದ್ದ ವೊಲ್ಫರ್ಟ್ ಬಾಯಿ ಒರೆಸಿಕೊಂಡ. "ಬೆರಳು ಹೋದಮೇಲೆ ಬಡಿದವೇ ನನ್ನ ಗಟ್ಟಿ ಲಂಗರುಗಳು. ಇವನಿಗೆ ಹತ್ತೂ ಇವೆ, ಒಂದು ಮೊಳೆ ನೆಟ್ಟಗೆ ಬಡೀಲಿ ನೋಡೋಣ!" ಆಮೇಲೆ ದನಿ ಇಳಿಯಿತು. "ಮಾಡಿಕೊಡು ಮಗಳೇ. ನಿನ್ನ ಒಲೆ ಉರೀಬೇಕಲ್ಲ."

ಎರಡು ದಿನ ಹಿಲ್ಲೆ ಉಳಿ ಮುಟ್ಟಲಿಲ್ಲ. ಗಂಡ ಸತ್ತ ಮೇಲೆ ಅಂಗಡಿ ನಡೆಯುತ್ತಿದ್ದುದೇ ಸಂಘದ ಕೆಲಸದಿಂದ. ಆದರೆ ಅವಳು ಮೊದಲು ಕೊರೆದದ್ದೇ ಆ ಕೈ. ಮುಖ ಯಾವ ಮುದುಕನದಾದರೂ ಆಗಬಹುದಿತ್ತು. ಬೆರಳಿಲ್ಲದ ಸಂದಿಯಲ್ಲಿ ಸುತ್ತಿಗೆಯ ಹಿಡಿ ಕಚ್ಚಿ ಕೂತ ರೀತಿ ವೊಲ್ಫರ್ಟನೊಬ್ಬನದೇ. ಬೆರಳು ಹೋದ ಮರುದಿನವೂ ಎದ್ದು ಕುಲುಮೆಗೆ ಹೋದವನ ಕೈ ಅದು.

ಮೂರನೆಯ ದಿನ ಅವಳು ಉಳಿಯ ಬದಲು ಸೂಜಿ ಎತ್ತಿಕೊಂಡಳು. ಉಳಿ ತಾಮ್ರವನ್ನು ಅಗೆಯುತ್ತದೆ, ಆ ಗೆರೆ ನೂರಾರು ಪ್ರತಿ ಬಾಳುತ್ತದೆ. ಸೂಜಿಯದು ಬರೀ ಗೀರು. ಅಚ್ಚಿನ ಉರುಳೆಯಡಿ ಮೂವತ್ತು ನಲವತ್ತು ಸಲ ಹೋದರೆ ಸವೆದು ಹೋಗುತ್ತದೆ. ಸೇಗರನಿಗೆ ಇದು ತಿಳಿಯದು. ಅವಳು ಎರಡು ಬೆರಳು ಗೀರಿದಳು. ಗೀರುವಾಗ ಇದು ಕಳ್ಳತನವೇನೋ ಎಂದು ಹತ್ತು ಸಲ ಅನ್ನಿಸಿತು, ಕೈ ಮಾತ್ರ ನಿಲ್ಲಲಿಲ್ಲ.

ಅಚ್ಚಿನ ದಿನ ಬೆಳಿಗ್ಗೆ ಸೇಗರ್ ಮೊದಲ ಪ್ರತಿ ನೋಡಿ, ಐದು ಬೆರಳು ಎಣಿಸಿ, ತಲೆದೂಗಿ ಹೋದ. ಅಚ್ಚಿನ ಚಕ್ರ ತಿರುಗಿಸಲು ವೊಲ್ಫರ್ಟನೇ ನಿಂತ. ಇಪ್ಪತ್ತೈದನೆಯ ಪ್ರತಿಯ ಹೊತ್ತಿಗೆ ಗೀರಿದ ಆ ಎರಡು ಬೆರಳುಗಳು ಮಸುಕಾದವು. ನಲವತ್ತು ದಾಟಿದಾಗ ಮುದುಕ ಒದ್ದೆ ಕಾಗದವನ್ನು ಬೆಳಕಿಗೆ ಹಿಡಿದ.

"ಅಯ್ಯೋ, ನನ್ನ ಬೆರಳು ಮತ್ತೆ ಹೋದವಲ್ಲೇ!" ಎಂದು ನಗುತ್ತ ಕೂತೇಬಿಟ್ಟ.

ಸಂಜೆ ನೂರು ಪ್ರತಿ ಒಯ್ಯಲು ಬಂದ ಸೇಗರ್ ದಾರದ ಮೇಲೆ ಒಣಗುತ್ತಿದ್ದ ಕಾಗದಗಳನ್ನು ನೋಡುತ್ತ ಹೋದಂತೆ ಕೆಂಪಾದ.

"ಏನಮ್ಮ ಇದು ಮೋಸ?"

"ಮೋಸ ಇರೋದು ಮೊದಲಿನ ನಲವತ್ತರಲ್ಲಿ. ಉಳಿದ ಅರವತ್ತರಲ್ಲಿ ಇಲ್ಲ." ಹಿಲ್ಲೆ ತಗಡಿನ ಮಸಿ ಒರೆಸಿದಳು.

"ಮತ್ತೆ ಕೊರಿ. ಈ ಸಲ ಆಳವಾಗಿ."

"ಕೊರೆಯಲ್ಲ."

"ನಿನ್ನ ಗಂಡ ಇದ್ದಿದ್ರೆ ಹೀಗೆ ಎದುರು ಮಾತಾಡ್ತಿದ್ನಾ?"

"ಇಲ್ಲ. ಅವರು ಪುಣ್ಯಾತ್ಮರು, ಹೂಂ ಅಂತಿದ್ರು. ನಾನು ಅನ್ನಲ್ಲ."

ಸೇಗರ್ ಮೊದಲಿನ ನಲವತ್ತು ಪ್ರತಿಗಳನ್ನು ಕಿತ್ತುಕೊಂಡ. "ಉಳಿದದ್ದು ಒಲೆಗೆ ಹಾಕು. ಸಂಘಕ್ಕೂ ನಿನಗೂ ಇವತ್ತಿಗೆ ಮುಗೀತು." ಬಾಗಿಲು ದಡಾರೆಂದಿತು.

ವೊಲ್ಫರ್ಟ್ ಅವಳ ಮುಖ ನೋಡಿದ. "ಹಾಕ್ತೀಯಾ ಒಲೆಗೆ?"

ಹಿಲ್ಲೆ ಮೂರು ಬೆರಳಿನ ಒಂದು ಪ್ರತಿಯನ್ನು ಬೀದಿಯ ಕಿಟಕಿಗೆ, ಹೊರಗೆ ಮುಖ ಮಾಡಿ ಅಂಟಿಸಿದಳು. ಆಮೇಲೆ ತಗಡಿಗೆ ಮಸಿ ಬಳಿಯತೊಡಗಿದಳು.

"ಅಜ್ಜಾ, ಈ ಬಂದರಿನಲ್ಲಿ ಕುಲುಮೆಯವರು, ಹಗ್ಗದವರು, ಹಡಗು ಕಟ್ಟೋರು ಎಲ್ಲ ಸೇರಿ ಎಷ್ಟು ಮನೆ?"

"ಇನ್ನೂರಕ್ಕೆ ಕಮ್ಮಿ ಇಲ್ಲ."

"ಹಾಗಾದ್ರೆ ಮನೆಗೊಂದು ಕೊಡೋಕೆ ಅರವತ್ತು ಸಾಲಲ್ಲ. ಚಕ್ರ ಹಿಡೀರಿ."

ಮುದುಕ ಮೂರು ಬೆರಳಿಂದ ಚಕ್ರದ ಹಿಡಿಯನ್ನು ಬಿಗಿಯಾಗಿ ಹಿಡಿದ.